ಗೇಣುದ್ದದ ಹಳಿಯ ಮೇಲೆ ಎಷ್ಟು ರೈಲುಗಳು?

ನಾನು ಕೆಲಸ ಮಾಡುವ ಮೇಜಿನ ಮೇಲೆ ಯಾವಾಗಲೂ ಗೇಣುದ್ದದ ಒಂದು ಹಳಿಯ ತುಂಡು ಇರುತ್ತದೆ. ಅದರ ಎರಡು ಕಂಬಿಗಳ ನಡುವಿನ ಅಂತರ ಸರಿಯಾಗಿ 9 ಮಿಲಿಮೀಟರ್. ಮಾದರಿ ರೈಲುಗಳ ಬಗ್ಗೆ ಯಾರಾದರೂ ಕೇಳಿದರೆ, ಮಾತು ಆರಂಭಿಸುವ ಮೊದಲು ಈ ತುಂಡನ್ನು ಅವರ ಮುಂದಿಟ್ಟು ಅದರ ಮೇಲೆ ಮೂರು ವಾಹನಗಳನ್ನು ಒಂದಾದ ಮೇಲೊಂದರಂತೆ ಕೂರಿಸುತ್ತೇನೆ. ಮೊದಲನೆಯದು 1:160ರ ಪ್ರಮಾಣದಲ್ಲಿರುವ ಎನ್ ಸ್ಕೇಲಿನ ಪ್ರಯಾಣಿಕರ ಬೋಗಿ. ಆಗ ಆ ಹಳಿ 1440 ಮಿಲಿಮೀಟರ್ ಅಗಲದ ದಾರಿಯಾಗುತ್ತದೆ, ಅಂದರೆ ಜಗತ್ತಿನ ಬಹುಪಾಲು ಮುಖ್ಯ ಮಾರ್ಗಗಳಲ್ಲಿರುವ 1435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜಿಗೆ ಬಹಳ ಹತ್ತಿರ. ಅದನ್ನು ತೆಗೆದು 1:76.2ರ ಪ್ರಮಾಣದ, ಕಲ್ಲುಹಲಗೆ (ಸ್ಲೇಟ್) ಸಾಗಿಸುವ ಒಂದು ವ್ಯಾಗನ್ ಇಡುತ್ತೇನೆ. ಹಳಿ 686 ಮಿಲಿಮೀಟರಿಗೆ ಇಳಿಯುತ್ತದೆ. ಮೂರನೆಯದಾಗಿ 1:43.5ರ ಒಂದು ಪುಟ್ಟ ಎಂಜಿನ್ ಬರುತ್ತದೆ. ಅದೇ ಹಳಿ ಈಗ 391 ಮಿಲಿಮೀಟರ್, ಇಂಗ್ಲೆಂಡಿನ ದೊಡ್ಡ ಜಮೀನ್ದಾರಿ ತೋಟಗಳಲ್ಲಿ ಓಡುತ್ತಿದ್ದ 15 ಅಂಗುಲದ ರೈಲುದಾರಿಯ ಹೆಚ್ಚುಕಡಿಮೆ ಅಷ್ಟೇ ಕಿರಿದು. ಹಳಿ ಎಳ್ಳಷ್ಟೂ ಬದಲಾಗಿಲ್ಲ. ಬದಲಾದದ್ದು ಅದರ ಪಕ್ಕದಲ್ಲಿ ನಿಂತ ಮನುಷ್ಯನ ಎತ್ತರ: ಮೊದಲು 11 ಮಿಲಿಮೀಟರ್ ಇದ್ದವನು 23 ಆದ, ಆಮೇಲೆ 40 ಆದ.

ನ್ಯಾರೋ ಗೇಜ್, ಅಂದರೆ ಸ್ಟ್ಯಾಂಡರ್ಡ್ ಗೇಜಿಗಿಂತ ಕಿರಿದಾದ ಕಿರುದಾರಿಗಳ ಮಾದರಿಗಳ ಸೊಗಸು ಇರುವುದು ಇಲ್ಲಿ. ಹೊಸಬರನ್ನು ಕಾಡುವ ಗೊಂದಲ ಹುಟ್ಟುವುದೂ ಇಲ್ಲೇ. ಸ್ಕೇಲು ಎಂದರೆ ನಿಜವಾದ ವಸ್ತುವನ್ನು ಎಷ್ಟು ಪಟ್ಟು ಕಿರಿದುಗೊಳಿಸಿದ್ದೇವೆ ಎಂಬ ಲೆಕ್ಕ. ಗೇಜು ಎಂದರೆ ಎರಡು ಕಂಬಿಗಳ ಒಳಮೈಗಳ ನಡುವಿನ ಅಂತರ. ಸ್ಟ್ಯಾಂಡರ್ಡ್ ಗೇಜಿನ ಮಾದರಿ ಮಾಡುವವರಿಗೆ ಇವೆರಡೂ ಒಂದರ ಬೆನ್ನಿಗೆ ಇನ್ನೊಂದು ಅಂಟಿಕೊಂಡೇ ಬರುತ್ತವೆ; ಎಚ್‌ಓ ಎಂದ ಕೂಡಲೇ 1:87 ಎಂಬ ಪ್ರಮಾಣವೂ 16.5 ಮಿಲಿಮೀಟರಿನ ಹಳಿಯೂ ಒಟ್ಟಿಗೆ ಕೈಗೆ ಸಿಗುತ್ತವೆ. ನಮಗೆ ಹಾಗಲ್ಲ. ನಿಜಲೋಕದಲ್ಲಿ ಕಿರುದಾರಿಗಳಿಗೆ ಒಂದೇ ಅಳತೆ ಎಂಬುದೇ ಇರಲಿಲ್ಲ. ವೇಲ್ಸಿನ ಫೆಸ್ಟಿನಿಯಾಗ್ ದಾರಿ 597 ಮಿಲಿಮೀಟರ್, ಡಾರ್ಜಿಲಿಂಗ್ ಹಿಮಾಲಯನ್ ರೈಲು 610, ಆಸ್ಟ್ರಿಯದ ಕಣಿವೆಗಳ ರೈಲುಗಳು 760, ಅಮೆರಿಕದ ಕೊಲರಾಡೊ ಗಣಿಗಳಿಗೆ ಹೋದ ದಾರಿಗಳು 914, ಸ್ವಿಟ್ಜರ್‌ಲೆಂಡಿನ ರೇಷಿಯನ್ ರೈಲ್ವೆ 1000. ಆದ್ದರಿಂದ ನಾವು ಸ್ಕೇಲನ್ನು ಒಮ್ಮೆ, ಗೇಜನ್ನು ಇನ್ನೊಮ್ಮೆ, ಹೀಗೆ ಎರಡು ಸಲ ಆರಿಸಬೇಕಾಗುತ್ತದೆ. ಈ ಹವ್ಯಾಸದ ಹೆಸರುಗಳು ಬೀಜಾಕ್ಷರಗಳಂತೆ ಕಾಣುವುದಕ್ಕೆ ಕಾರಣವೂ ಇದೇ. ಎಚ್‌ಓಎಂ ಎಂದರೆ 1:87ರಲ್ಲಿ ಮೀಟರ್ ಗೇಜ್. ಎಚ್‌ಓಇ ಎಂದರೆ ಅದೇ ಪ್ರಮಾಣದಲ್ಲಿ 750 ಅಥವಾ 760 ಮಿಲಿಮೀಟರಿನ ದಾರಿ. ಎಚ್‌ಓಎನ್3 ಎಂದರೆ ಅಮೆರಿಕದವರ ಮೂರು ಅಡಿಯ ದಾರಿ. ಮೊದಲ ಭಾಗ ಸ್ಕೇಲು, ಉಳಿದದ್ದು ಗೇಜು ಎಂದು ಒಡೆದು ಓದಿದರೆ ಬಹುತೇಕ ಹೆಸರುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಹೊಸದಾಗಿ ಬರುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ‘ನನ್ನಲ್ಲಿರುವ ಜಾಗಕ್ಕೆ ಯಾವ ಸ್ಕೇಲು ಸರಿಹೋಗುತ್ತದೆ?’ ಎಂಬುದು. ನಾನೂ ಹಾಗೆಯೇ ಆರಂಭಿಸಿದವನು. ಹಲವು ವರ್ಷ ಬೇರೆ ಬೇರೆ ಅಳತೆಗಳಲ್ಲಿ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸುತ್ತಿರುವುದೇನೆಂದರೆ, ಕೇಳಬೇಕಾದ ಪ್ರಶ್ನೆ ಅದಲ್ಲ. ರೈಲನ್ನು ಎಷ್ಟು ದೂರದಿಂದ ನೋಡುವ ಆಸೆ ನನಗಿದೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಬೆಟ್ಟದ ಆಚೆ ಬದಿಯಲ್ಲಿ ನಿಂತು, ಕಣಿವೆಯುದ್ದಕ್ಕೂ ಹೊಗೆ ಬಿಡುತ್ತಾ ಹೋಗುವ ಗಾಡಿಯನ್ನು ನೋಡಬೇಕೋ, ನಿಲ್ದಾಣದಲ್ಲಿ ಎಂಜಿನ್ನಿನ ಪಕ್ಕಕ್ಕೇ ಹೋಗಿ ಡ್ರೈವರನ ಕೈಯಲ್ಲಿರುವ ಎಣ್ಣೆಬುಡ್ಡಿಯನ್ನು ನೋಡಬೇಕೋ? ಜಾಗದ ಕೊರತೆಗೆ ಕಿರುದಾರಿಯ ಒಳಗೆಯೇ ಪರಿಹಾರವಿದೆ. ನೋಟದ ದೂರವನ್ನು ತಪ್ಪಾಗಿ ಆರಿಸಿಕೊಂಡರೆ ಅದಕ್ಕೆ ಪರಿಹಾರವಿಲ್ಲ.

ಜಾಗದ ಮಾತನ್ನು ಸ್ವಲ್ಪ ಲೆಕ್ಕದಿಂದಲೇ ಹೇಳುತ್ತೇನೆ. ಮುಖ್ಯ ಮಾರ್ಗದಲ್ಲಿ ವೇಗದ ರೈಲು ತಿರುಗುವ 400 ಮೀಟರ್ ತ್ರಿಜ್ಯದ ಒಂದು ತಿರುವನ್ನು ಎಚ್‌ಓ ಪ್ರಮಾಣಕ್ಕೆ ಇಳಿಸಿದರೂ ಅದರ ತ್ರಿಜ್ಯ 4.6 ಮೀಟರ್ ಆಗುತ್ತದೆ. ಯಾವ ಕೋಣೆಯಲ್ಲಿ ಅದನ್ನು ಹಾಸುವುದು? ಹಾಗಾಗಿ ಸ್ಟ್ಯಾಂಡರ್ಡ್ ಗೇಜಿನ ಮಾದರಿಗಳಲ್ಲಿ ತಿರುವುಗಳನ್ನು ಅರ್ಧ ಮೀಟರಿನ ಆಸುಪಾಸಿಗೆ ಹಿಂಡಿರುತ್ತಾರೆ, ಉದ್ದನೆಯ ಬೋಗಿಗಳು ಅಲ್ಲಿ ಮೈಚಾಚಿಕೊಂಡು ತಿರುಗುವುದನ್ನು ಕಣ್ಣು ಸಹಿಸಿಕೊಳ್ಳಬೇಕಾಗುತ್ತದೆ. ಡಾರ್ಜಿಲಿಂಗ್ ದಾರಿಯ ಅತಿ ಬಿಗಿಯಾದ ತಿರುವಿನ ತ್ರಿಜ್ಯವಾದರೋ ಸುಮಾರು 18 ಮೀಟರ್ ಮಾತ್ರ. 1:76.2ರಲ್ಲಿ ಅದು 236 ಮಿಲಿಮೀಟರ್, ಅಂದರೆ ಗೇಣಿಗಿಂತ ಸ್ವಲ್ಪ ಹೆಚ್ಚು. ಈ ಸ್ಕೇಲಿಗೆಂದು ಸಿದ್ಧವಾಗಿ ಸಿಗುವ ಬಾಗಿದ ಹಳಿಗಳ ತ್ರಿಜ್ಯವೂ 228 ಮಿಲಿಮೀಟರ್. ಬೇರೆಯವರು ಜಾಗವಿಲ್ಲದೆ ಒಪ್ಪಿಕೊಳ್ಳುವ ತಿರುವು ನಮ್ಮಲ್ಲಿ ಹೆಚ್ಚುಕಡಿಮೆ ನಿಜದ ತಿರುವೇ ಆಗಿರುತ್ತದೆ. ಬೆಟ್ಟವನ್ನು ಕೊರೆಯಲು ಹಣವಿಲ್ಲದಿದ್ದಾಗ ಅದರ ಮೈಯನ್ನೇ ಸುತ್ತಿಕೊಂಡು ಹೋಗುವುದಕ್ಕಾಗಿ ಹುಟ್ಟಿದ ದಾರಿಗಳು ಇವು. ಮೇಜಿನ ಅಂಚನ್ನು ಸುತ್ತಿಕೊಂಡು ಹೋಗುವುದು ಅವುಗಳಿಗೆ ಹೊಸದೇನಲ್ಲ.

ನಾನು ಮೊದಲು ಕೈಹಾಕಿದ್ದು ಡಬಲ್ ಓ ನೈನ್ ಎಂದು ಕರೆಯುವ 009ಕ್ಕೆ. ಒಂದು ಅಡಿಗೆ 4 ಮಿಲಿಮೀಟರ್ ಎಂಬ ಬ್ರಿಟಿಷ್ ಪ್ರಮಾಣ, 9 ಮಿಲಿಮೀಟರಿನ ಹಳಿ. ಈ ಜೋಡಿ ಹುಟ್ಟಿದ್ದು ಅನುಕೂಲದಿಂದ. ಎಡಿನ್‌ಬರಾದ ಪಿ. ಡಿ. ಹ್ಯಾನ್‌ಕಾಕ್ ಅವರು ‘ಕ್ರೇಗ್ ಅಂಡ್ ಮೆರ್ಟನ್‌ಫರ್ಡ್’ ಎಂಬ ಕಲ್ಪಿತ ರೈಲುದಾರಿಯನ್ನು ಈ ಪ್ರಮಾಣದಲ್ಲಿ ಕಟ್ಟಿದ ಕಾಲಕ್ಕೆ ಅಂಗಡಿಯಲ್ಲಿ ಕೊಳ್ಳಲು ಏನೂ ಇರಲಿಲ್ಲ, ಎಲ್ಲವನ್ನೂ ಕೈಯಾರೆ ಮಾಡಿಕೊಳ್ಳಬೇಕಿತ್ತು. 1960ರ ದಶಕದಲ್ಲಿ ಎನ್ ಸ್ಕೇಲಿನ ಎಂಜಿನ್ನುಗಳು ಮಾರುಕಟ್ಟೆಗೆ ಬಂದ ಮೇಲೆ ಅವುಗಳ ಚಾಸಿ, ಮೋಟಾರು, ಚಕ್ರಗಳನ್ನು ಎತ್ತಿಕೊಂಡು ಮೇಲೆ ದೊಡ್ಡ ಪ್ರಮಾಣದ ಮೈಯನ್ನು ಕೂರಿಸುವ ದಾರಿ ತೆರೆಯಿತು. 1963ರಲ್ಲಿ ಮ್ಯೂನಿಕ್ಕಿನ ಎಗ್ಗರ್‌ಬಾನ್ ಕಂಪನಿ 9 ಮಿಲಿಮೀಟರಿನ ಹಳಿಯ ಮೇಲೆ ಓಡುವ ಪುಟ್ಟ ತೋಟದ ಎಂಜಿನ್ನುಗಳನ್ನು ಹೊರತಂದಿತು. ಆ ಕಂಪನಿ ಹೆಚ್ಚು ವರ್ಷ ಬಾಳಲಿಲ್ಲ, ಆದರೆ ಅದು ತೋರಿಸಿಕೊಟ್ಟ ದಾರಿ ಉಳಿಯಿತು.

ಅನುಕೂಲಕ್ಕೆಂದು ಆರಿಸಿದ ಈ 9 ಮಿಲಿಮೀಟರ್ ಎರಡು ನಿಜವಾದ ದಾರಿಗಳಿಗೆ ಕೂದಲೆಳೆಯೂ ತಪ್ಪದಂತೆ ಹೊಂದುತ್ತದೆ. 1:76.2ರಲ್ಲಿ 9 ಮಿಲಿಮೀಟರ್ ಎಂದರೆ 686 ಮಿಲಿಮೀಟರ್, ಅಂದರೆ ಎರಡು ಅಡಿ ಮೂರು ಅಂಗುಲ. ವೇಲ್ಸಿನ ಟಾಲಿಲಿನ್ ಮತ್ತು ಕಾರಿಸ್ ದಾರಿಗಳ ಗೇಜು ಅದೇ. ಇದು ಬಹಳ ಅಪರೂಪದ ಅಳತೆ. ಕಾರಿಸ್ ದಾರಿ 1948ರಲ್ಲಿ ಮುಚ್ಚಿತು. 1951ರಲ್ಲಿ ಸ್ವಯಂಸೇವಕರು ಟಾಲಿಲಿನ್ ದಾರಿಯನ್ನು ವಹಿಸಿಕೊಂಡಾಗ ಕಾರಿಸ್‌ನ ಉಳಿದಿದ್ದ ಎರಡು ಎಂಜಿನ್ನುಗಳನ್ನು ಕೊಂಡು ತಂದು ತಮ್ಮ ಹಳಿಯ ಮೇಲಿಟ್ಟರು. ಗೇಜು ಒಂದೇ ಆಗಿದ್ದುದರಿಂದಲೇ ಅದು ಸಾಧ್ಯವಾಯಿತು. ಆ ಎರಡು ಎಂಜಿನ್ನುಗಳ ಮಾದರಿಗಳನ್ನು 9 ಮಿಲಿಮೀಟರಿನ ಹಳಿಯ ಮೇಲೆ ಇಟ್ಟು ನೋಡುವಾಗಲೆಲ್ಲ, ಇಲ್ಲಿ ಯಾವ ರಾಜಿಯೂ ಇಲ್ಲವಲ್ಲ ಎಂಬ ಸಂತೋಷ ನನಗೆ ಆಗುತ್ತದೆ.

ನನ್ನ ಮೊದಲ 009 ಎಂಜಿನ್ನಿನ ಮೈ ವೈಟ್‌ಮೆಟಲ್ ಎಂಬ ಮೆತ್ತನೆಯ ಲೋಹದ ಅಚ್ಚುಗಳದ್ದು. ಪೆಟ್ಟಿಗೆ ಬಿಚ್ಚಿದಾಗ ಇಪ್ಪತ್ತಕ್ಕೂ ಹೆಚ್ಚು ಬೂದುಬಣ್ಣದ ತುಂಡುಗಳು, ಅಂಚಿನಲ್ಲೆಲ್ಲ ಅಚ್ಚಿನ ಗೆರೆಗಳು. ಅರದಿಂದ ಒಂದೊಂದನ್ನೂ ಉಜ್ಜಿ, ನೀರಿನ ತೊಟ್ಟಿಯ ಪಕ್ಕದ ಗೋಡೆಗಳು ಲಂಬವಾಗಿ ಕೂರುವಂತೆ ಮಾಡುವುದಕ್ಕೆ ಒಂದು ವಾರ ಹಿಡಿಯಿತು. ಆಮೇಲೆ, ಹಳಿಗೆ ತಂತಿ ಬೆಸೆಯುವ ಮಾಮೂಲಿ ಬೆಸುಗೆ ಕಡ್ಡಿಯನ್ನೇ ಚಿಮಣಿಯ ಬುಡಕ್ಕೆ ತಾಗಿಸಿದೆ. ಚಿಮಣಿ ಒಂದು ಕ್ಷಣ ಹೊಳೆಯಿತು, ಮರುಕ್ಷಣದಲ್ಲಿ ಹನಿಯಾಗಿ ಬಾಯ್ಲರಿನ ಮೇಲೆ ಹರಡಿಕೊಂಡಿತು. ವೈಟ್‌ಮೆಟಲ್ಲಿಗೆ 70 ಡಿಗ್ರಿಯಲ್ಲಿ ಕರಗುವ ವಿಶೇಷ ಬೆಸುಗೆ, ಶಾಖವನ್ನು ತಗ್ಗಿಸಬಲ್ಲ ಕಡ್ಡಿ ಎರಡೂ ಬೇಕು ಎಂಬುದನ್ನು ನಾನು ಕಲಿತದ್ದು ಹೀಗೆ. ಹೊಸ ಚಿಮಣಿಯನ್ನು ಹಿತ್ತಾಳೆಯ ಕೊಳವೆಯಿಂದ ಮಾಡಿಕೊಂಡೆ, ಅದು ಈಗಲೂ ಆ ಎಂಜಿನ್ನಿನ ಮೇಲೆ ಇದೆ.

ಮೈ ಕೂಡಿಸಿ ಬಣ್ಣ ಬಳಿದ ಮೇಲೂ ಎಂಜಿನ್ ನೆಟ್ಟಗೆ ಓಡಲಿಲ್ಲ. ಎರಡು ಗೇಣು ಹೋಗಿ ನಿಲ್ಲುತ್ತಿತ್ತು, ಬೆರಳಿನಿಂದ ತಟ್ಟಿದರೆ ಮತ್ತೆ ಹೊರಡುತ್ತಿತ್ತು. ಇದಕ್ಕೆ ಕಾರಣ ಹುಡುಕುತ್ತಾ ಹೋದಾಗಲೇ ಸ್ಕೇಲುಗಳ ನಡುವಿನ ನಿಜವಾದ ವ್ಯತ್ಯಾಸ ನನಗೆ ಅರ್ಥವಾದದ್ದು. ಉದ್ದವನ್ನು 76.2 ಪಟ್ಟು ಕಡಿಮೆ ಮಾಡಿದರೆ ತೂಕ ಅದರ ಘನದಷ್ಟು, ಅಂದರೆ ನಾಲ್ಕು ಲಕ್ಷ ನಲವತ್ತೆರಡು ಸಾವಿರ ಪಟ್ಟು ಕಡಿಮೆಯಾಗುತ್ತದೆ. ಹತ್ತು ಟನ್ನಿನ ಒಂದು ಎಂಜಿನ್ ಈ ಲೆಕ್ಕದಲ್ಲಿ ಬರೀ 23 ಗ್ರಾಂ ತೂಗುತ್ತದೆ. ಮಾದರಿಯೊಳಗೆ ಮೋಟಾರೂ ಲೋಹವೂ ಇರುವುದರಿಂದ ನಿಜದಲ್ಲಿ ಅದಕ್ಕಿಂತ ಹೆಚ್ಚೇ ತೂಗಿದರೂ, ನಾಲ್ಕು ಪುಟ್ಟ ಚಕ್ರಗಳು ಹಳಿಯನ್ನು ಒತ್ತುವ ಬಲ ಬಹಳ ಕಡಿಮೆ. ಮೋಟಾರಿಗೆ ವಿದ್ಯುತ್ ಬರಬೇಕಾದದ್ದು ಆ ಒತ್ತಡದ ಮೂಲಕವೇ. ಕಣ್ಣಿಗೆ ಕಾಣದ ಧೂಳಿನ ಕಣವೊಂದು ನಡುವೆ ಬಂದರೆ ಸಾಕು, ಹರಿವು ಕಡಿದುಹೋಗುತ್ತದೆ. ನಾನು ಬಾಯ್ಲರಿನ ಒಳಗೆ ಸೀಸದ ತುಂಡುಗಳನ್ನು ತುಂಬಿದೆ. ಆದರೆ ಅವನ್ನು ಮುಂದಕ್ಕೆ ತುಂಬಿದ್ದರಿಂದ ಹಿಂದಿನ ಚಕ್ರಗಳು ಹಳಿಯನ್ನು ಬರಿದೇ ಸವರತೊಡಗಿದವು. ಭಾರದ ಕೇಂದ್ರ ಎಳೆಯುವ ಎರಡು ಅಚ್ಚುಗಳ ಮಧ್ಯಕ್ಕೆ ಬರುವವರೆಗೆ ಸೀಸವನ್ನು ಹಿಂದಕ್ಕೆ ಸರಿಸುತ್ತಾ, ಎಂಜಿನ್ನನ್ನು ಒಂದು ಪೆನ್ಸಿಲಿನ ಮೇಲೆ ತಕ್ಕಡಿಯಂತೆ ನಿಲ್ಲಿಸಿ ನೋಡುತ್ತಾ, ಅಂತೂ ಸರಿಪಡಿಸಿದೆ. ಈಗಿನ ಎಂಜಿನ್ನುಗಳಲ್ಲಿ ಚಿಕ್ಕ ಕೆಪಾಸಿಟರ್ ಒಂದನ್ನು ಕೂರಿಸಿ, ವಿದ್ಯುತ್ ತಪ್ಪಿದ ಕ್ಷಣಕಾಲ ಅದರಿಂದ ಮೋಟಾರನ್ನು ನಡೆಸುವ ಏರ್ಪಾಡು ಬಂದಿದೆ. ಅದು ಒಳ್ಳೆಯದೇ. ಆದರೂ ತೂಕ ಸರಿಯಾಗಿ ಕೂತ ಎಂಜಿನ್ನಿನ ನಡಿಗೆಯೇ ಬೇರೆ ಎಂದು ನನ್ನ ಅನುಭವ.

ನಡಿಗೆ ಎಂದಾಗ ಇನ್ನೊಂದು ಮಾತು. ಕಿರುದಾರಿಯ ರೈಲುಗಳು ನಿಧಾನ. ಗಂಟೆಗೆ 24 ಕಿಲೋಮೀಟರ್ ವೇಗದ ಗಾಡಿ 1:76.2ರಲ್ಲಿ ಒಂದು ಮೀಟರ್ ಸಾಗುವುದಕ್ಕೆ ಹನ್ನೊಂದು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಬೇಕು. ನಾನು ಹಳಿಯ ಪಕ್ಕದಲ್ಲಿ ಒಂದು ಮೀಟರಿಗೆ ಎರಡು ಗುರುತು ಹಾಕಿಕೊಂಡು ಗಡಿಯಾರ ಹಿಡಿದು ಅಳೆಯುತ್ತೇನೆ. ಎಷ್ಟೇ ಸೊಗಸಾಗಿ ಬಣ್ಣ ಬಳಿದ ಗಾಡಿಯಾದರೂ ಆ ಮೀಟರನ್ನು ನಾಲ್ಕು ಸೆಕೆಂಡಿನಲ್ಲಿ ದಾಟಿದರೆ ಅದು ಆಟಿಕೆಯಾಗಿಬಿಡುತ್ತದೆ; ಹನ್ನೆರಡು ಸೆಕೆಂಡು ತೆಗೆದುಕೊಂಡರೆ, ಬಣ್ಣದ ಕೊರತೆಯೂ ಮರೆಯಾಗುತ್ತದೆ.

ಯುರೋಪಿನ ಮೀಟರ್ ಗೇಜ್ ದಾರಿಗಳನ್ನು ಪ್ರೀತಿಸುವವರು ಎಚ್‌ಓಎಂ ಕಡೆಗೆ ಹೋಗುತ್ತಾರೆ. 12 ಮಿಲಿಮೀಟರಿನ ಹಳಿ 1:87ರಲ್ಲಿ 1044 ಮಿಲಿಮೀಟರ್ ಆಗುತ್ತದೆ, ಕಣ್ಣು ಆ ವ್ಯತ್ಯಾಸವನ್ನು ಹಿಡಿಯಲಾರದು. ಆದರೆ ಅಲ್ಲಿನ ರೈಲುಗಳು ಹೆಸರಿಗೆ ಮಾತ್ರ ಕಿರಿದು. ರೇಷಿಯನ್ ರೈಲ್ವೆಯ 65 ಮೀಟರ್ ಎತ್ತರದ ಲ್ಯಾಂಡ್‌ವಾಸರ್ ಸೇತುವೆ 100 ಮೀಟರ್ ತ್ರಿಜ್ಯದಲ್ಲಿ ಬಾಗಿಕೊಂಡು ನೇರವಾಗಿ ಬಂಡೆಯ ಸುರಂಗಕ್ಕೆ ನುಗ್ಗುತ್ತದೆ. ಅದನ್ನು ಇದ್ದಂತೆಯೇ ಮಾಡಿದರೆ ಸೇತುವೆಯ ಎತ್ತರ 75 ಸೆಂಟಿಮೀಟರ್, ತಿರುವಿನ ತ್ರಿಜ್ಯ 1.15 ಮೀಟರ್. ಇದು ದೂರದಿಂದ ನೋಡುವ ರೈಲು. ಕಣಿವೆಯ ಆಳ ಕಾಣಬೇಕು, ಗಾಡಿ ಅದರ ಮುಂದೆ ಚಿಕ್ಕದಾಗಬೇಕು. ಇಂಥ ದೃಶ್ಯಕ್ಕೆ ಸಣ್ಣ ಸ್ಕೇಲೇ ಸರಿ.

ನಾನು ಒಮ್ಮೆ ಅದಕ್ಕಿಂತಲೂ ಸಣ್ಣದಕ್ಕೆ, ಎನ್ ಪ್ರಮಾಣದ ಕಿರುದಾರಿಗೆ ಪ್ರಯತ್ನಿಸಿದೆ. ಎನ್‌ಗಿಂತಲೂ ಸಣ್ಣದಾದ ಜ಼ೆಡ್ ಸ್ಕೇಲಿಗೆಂದು 1972ರಲ್ಲಿ ಮಾರ್ಕ್ಲಿನ್ ಕಂಪನಿ ಹೊರತಂದ 6.5 ಮಿಲಿಮೀಟರಿನ ಹಳಿಯ ಮೇಲೆ 1:160ರ ಮೈಗಳು ಓಡಬೇಕು. ಅಮೆರಿಕದ ಮೂರಡಿ ದಾರಿಗೆ 5.7 ಮಿಲಿಮೀಟರ್ ಸಾಕಿತ್ತು, ಅದಕ್ಕೆ 6.5 ಸ್ವಲ್ಪ ಅಗಲವೇ. ಕೊಕ್ಕೆಗಳನ್ನು ಕೂಡಿಸುವಷ್ಟರಲ್ಲಿ ಕಣ್ಣು ಸೋತವು. ಒಂದು ಎಂಜಿನ್, ಎರಡು ವ್ಯಾಗನ್ ಆದ ಮೇಲೆ ಅದನ್ನು ಬಿಟ್ಟೆ.

ಅಮೆರಿಕದ ಮೂರಡಿ ದಾರಿಗಳ ಅಭಿಮಾನಿಗಳು ಅಳತೆಯ ನಿಖರತೆಯಲ್ಲಿ ಬಹಳ ಕಟ್ಟುನಿಟ್ಟು. ಎಚ್‌ಓಎನ್3ಗೆ 10.5 ಮಿಲಿಮೀಟರಿನ ಹಳಿ, 87.1ರಿಂದ ಗುಣಿಸಿದರೆ 914.5 ಮಿಲಿಮೀಟರ್, ಲೆಕ್ಕ ತಾಳೆಯಾಗುತ್ತದೆ. 1:48ರಲ್ಲಿ ಎರಡಡಿ ದಾರಿ ಬೇಕೆಂದರೆ 12.7 ಮಿಲಿಮೀಟರ್, ಅದೂ ಸರಿ. ಇವಕ್ಕೆ ಹೊಂದುವ ಚಾಸಿಗಳು ಬೇರೆ ಸ್ಕೇಲಿನಿಂದ ಸಾಲ ಸಿಗುವುದು ಕಷ್ಟ, ಆದ್ದರಿಂದ ಹಳಿಯಿಂದ ಹಿಡಿದು ಬಹಳಷ್ಟನ್ನು ಕೈಯಿಂದಲೇ ಮಾಡಿಕೊಳ್ಳಬೇಕು. ಇದಕ್ಕೆ ಎದುರಾಗಿ ನಿಂತದ್ದು ಓಎನ್30. 1:48ರ ಮೈಗಳನ್ನು ಎಚ್‌ಓದ 16.5 ಮಿಲಿಮೀಟರಿನ ಹಳಿಯ ಮೇಲೆ ಓಡಿಸುವ ಪದ್ಧತಿ ಇದು. ಹಳಿ 792 ಮಿಲಿಮೀಟರ್ ಆಗುತ್ತದೆ. ಬೇಕಾದದ್ದು 30 ಅಂಗುಲ, ಅಂದರೆ 762. ಮೂವತ್ತು ಮಿಲಿಮೀಟರಿನ ಈ ತಪ್ಪು ಮಾದರಿಯಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. 1998ರಲ್ಲಿ ಬ್ಯಾಕ್‌ಮನ್ ಕಂಪನಿ ಈ ಅಳತೆಯ ಸಿದ್ಧ ಎಂಜಿನ್ನುಗಳನ್ನು ತಂದ ಮೇಲೆ ಓಎನ್30 ಬಹಳ ಬೇಗ ಬೆಳೆಯಿತು.

ಈ ಅರ್ಧ ಮಿಲಿಮೀಟರಿನ ಬಗ್ಗೆ ಹವ್ಯಾಸಿಗಳು ಗಂಟೆಗಟ್ಟಲೆ ವಾದಿಸುತ್ತಾರೆ. ನಾನು ಎರಡೂ ಬಗೆಯ ಹಳಿಗಳನ್ನು ಹಾಸಿದ್ದೇನೆ, ಆದ್ದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳಬಲ್ಲೆ. ಗೇಜಿನ ತಪ್ಪು ಕಣ್ಣಿಗೆ ಬೀಳುವುದು ಅಪರೂಪ. ಸ್ಲೀಪರುಗಳ, ಅಂದರೆ ಕಂಬಿಗಳ ಕೆಳಗೆ ಅಡ್ಡಲಾಗಿ ಕೂರುವ ಮರದ ತುಂಡುಗಳ, ತಪ್ಪು ಯಾವಾಗಲೂ ಬೀಳುತ್ತದೆ. ಎಚ್‌ಓ ಹಳಿಯ ಸ್ಲೀಪರುಗಳು ಸಣ್ಣವು, ಒತ್ತೊತ್ತಾಗಿ, ಒಂದೇ ಸಮನಾಗಿ ಕೂತಿರುತ್ತವೆ. ಅವುಗಳ ಮೇಲೆ 1:48ರ ಎಂಜಿನ್ ಇಟ್ಟ ಕೂಡಲೇ ಆ ಹಳಿ ಬೇರೊಂದು ಲೋಕದ್ದು ಎಂದು ಮನಸ್ಸು ಗುರುತಿಸಿಬಿಡುತ್ತದೆ. ಕಾಡಿನ ಮರವನ್ನೋ ಗಣಿಯ ಅದಿರನ್ನೋ ಸಾಗಿಸುತ್ತಿದ್ದ ದಾರಿಯಲ್ಲಿ ಸ್ಲೀಪರುಗಳು ದಪ್ಪವಾಗಿ, ವಿರಳವಾಗಿ, ತುದಿಗಳು ಹೆಚ್ಚುಕಡಿಮೆಯಾಗಿ ಇರುತ್ತಿದ್ದವು. ನಾನು ಈಗ ಸ್ಲೀಪರುಗಳನ್ನು ಮರದ ಕಡ್ಡಿಗಳಿಂದ ಕತ್ತರಿಸಿ, ತಂತಿಯ ಬ್ರಷ್ಷಿನಿಂದ ಉಜ್ಜಿ ಎಳೆಗಳನ್ನು ಎಬ್ಬಿಸಿ, ತೆಳುಗೊಳಿಸಿದ ಬೂದು-ಕಂದು ಬಣ್ಣದಲ್ಲಿ ಅದ್ದಿ, ಒಣಗಿದ ಮೇಲೆ ಒಂದೊಂದಾಗಿ ಅಂಟಿಸುತ್ತೇನೆ. ಕಂಬಿಯನ್ನು ಹಿಡಿಯುವುದಕ್ಕೆ ಸಣ್ಣ ಮೊಳೆಗಳನ್ನು ಇಕ್ಕಳದಿಂದ ಒತ್ತಬೇಕು. ಒಂದು ಮೀಟರಿಗೆ ಎರಡು ಸಂಜೆ ಹಿಡಿಯುತ್ತದೆ. ಹಾಗೆ ಹಾಸಿದ ಹಳಿಯ ಗೇಜನ್ನು ಅಳೆಯಬೇಕೆಂದು ನೋಡಿದವರಾರಿಗೂ ಇದುವರೆಗೆ ಅನ್ನಿಸಿಲ್ಲ.

1:48ರಲ್ಲಿ ಮನುಷ್ಯ 36 ಮಿಲಿಮೀಟರ್ ಎತ್ತರ. 23ರಿಂದ 36ಕ್ಕೆ ಬಂದಾಗ ಆಗುವ ಬದಲಾವಣೆಯನ್ನು ಗೊಂಬೆಗೆ ಬಣ್ಣ ಬಳಿಯುವಾಗಲೇ ತಿಳಿಯಬೇಕು. 009ರಲ್ಲಿ ಮುಖವೆಂದರೆ ಕಂದು ಬಣ್ಣದ ಒಂದು ಚುಕ್ಕೆ, ಅದರ ಕೆಳಗೆ ಒಂದು ನೆರಳು. ಇಲ್ಲಿ ಹುಬ್ಬು, ದವಡೆ, ಮಡಚಿದ ತೋಳಿನ ಅಂಗಿ ಎಲ್ಲವೂ ಬರುತ್ತದೆ. ಡ್ರೈವರನಿಗೆ ವಯಸ್ಸು ಬರುತ್ತದೆ. ಎಂಜಿನ್ನಿನ ಬಾಗಿಲಿಗೆ ಒರಗಿ ನಿಂತವನಿಗೂ ಬಾಯ್ಲರಿಗೂ ಇರುವ ಗಾತ್ರದ ಸಂಬಂಧವೇ ಕಿರುದಾರಿಯ ಚೆಲುವು ಎಂದು ನಾನು ನಂಬಿದ್ದೇನೆ. ಮುಖ್ಯ ಮಾರ್ಗದ ಎಂಜಿನ್ನಿನ ಪಕ್ಕದಲ್ಲಿ ಮನುಷ್ಯ ಇರುವೆಯಂತಿರುತ್ತಾನೆ, ಇಲ್ಲಿ ಅವನು ಎಂಜಿನ್ನಿನ ಹೆಗಲಿನ ಮೇಲೆ ಕೈಯಿಡಬಲ್ಲ.

ಇನ್ನೂ ಹತ್ತಿರಕ್ಕೆ ಹೋದರೆ ಕೋಣೆಯಿಂದ ಹಿತ್ತಲಿಗೆ ಬರಬೇಕಾಗುತ್ತದೆ. ಅಲ್ಲಿ 45 ಮಿಲಿಮೀಟರಿನ ಹಳಿಯದು ನನ್ನ ಮೇಜಿನ 9 ಮಿಲಿಮೀಟರಿನ ತುಂಡಿನದೇ ಕಥೆ. 1968ರಲ್ಲಿ ನ್ಯೂರೆಂಬರ್ಗಿನ ಲೇಮನ್ ಕಂಪನಿ ಎಲ್‌ಜಿಬಿ ಹೆಸರಿನಲ್ಲಿ ಹೊರತಂದ ರೈಲುಗಳು 1:22.5ರವು, ಅದರಲ್ಲಿ 45 ಮಿಲಿಮೀಟರ್ ಮೀಟರ್ ಗೇಜಾಗುತ್ತದೆ. 1:20.3ರ ಎಂಜಿನ್ ಇಟ್ಟರೆ ಅದೇ ಹಳಿ ಅಮೆರಿಕದ ಮೂರಡಿ ದಾರಿ, 1:32ರದ್ದನ್ನಿಟ್ಟರೆ ಸ್ಟ್ಯಾಂಡರ್ಡ್ ಗೇಜ್. ನಾನು ಆರಿಸಿಕೊಂಡದ್ದು ಇವು ಯಾವುವೂ ಅಲ್ಲ, ಒಂದು ಅಡಿಗೆ 16 ಮಿಲಿಮೀಟರ್ ಎಂಬ ಪ್ರಮಾಣ, 32 ಮಿಲಿಮೀಟರಿನ ಹಳಿ. ಒಂದಡಿಗೆ ಹದಿನಾರಾದರೆ ಎರಡಡಿಗೆ ಮೂವತ್ತೆರಡು. ಮಗು ಕೂಡ ಒಪ್ಪುವ ಲೆಕ್ಕ. ಇಲ್ಲಿ ಡ್ರೈವರ್ 92 ಮಿಲಿಮೀಟರ್ ಎತ್ತರ, ಹತ್ತು ಟನ್ನಿನ ಎಂಜಿನ್ ಲೆಕ್ಕದ ಪ್ರಕಾರ ಸುಮಾರು ಒಂದೂವರೆ ಕಿಲೋ. ತೂಕ ಅಷ್ಟಾದಾಗ ಮೋಟಾರಿನ ಹಂಗೇ ಬೇಡ, ನಿಜವಾದ ಉಗಿಯಿಂದಲೇ ಓಡಿಸಬಹುದು.

ಉಗಿ ಏರಿಸುವ ಕ್ರಮವನ್ನು ನಾನು ಒಂದು ಸಲವೂ ಅವಸರದಿಂದ ಮಾಡಿದವನಲ್ಲ. ಮೊದಲು ಎಲ್ಲ ಅಚ್ಚುಗಳಿಗೂ ಕೀಲುಗಳಿಗೂ ಹನಿ ಎಣ್ಣೆ. ಸಿಲಿಂಡರಿಗೆ ಹೋಗುವ ಉಗಿಯ ಜೊತೆ ಬೆರೆಯುವ ದಪ್ಪನೆಯ ಸ್ಟೀಮ್ ಆಯಿಲನ್ನು ಲೂಬ್ರಿಕೇಟರಿನ ಬಾಯಿಯವರೆಗೆ ತುಂಬಬೇಕು. ಹಿಂದಿನ ಓಟದಲ್ಲಿ ಅಲ್ಲಿ ಸೇರಿದ ನೀರನ್ನು ಸಿರಿಂಜಿನಿಂದ ಮೊದಲೇ ಎಳೆದುಹಾಕಿರಬೇಕು. ಬಾಯ್ಲರಿಗೆ ಭಟ್ಟಿಯಿಳಿಸಿದ ನೀರು, ಆಮೇಲೆ ತೊಟ್ಟಿಗೆ ಬ್ಯೂಟೇನ್ ಅನಿಲ. ಅನಿಲದ ತಿರುಪನ್ನು ಸ್ವಲ್ಪವೇ ಸಡಿಲಿಸಿ ಚಿಮಣಿಯ ಬಾಯಿಗೆ ಕಡ್ಡಿ ಗೀರಿ ಹಿಡಿದರೆ, ಜ್ವಾಲೆ ‘ಪಪ್’ ಎಂದು ಒಳಗೆ ಹಾರಿ ಬಾಯ್ಲರಿನ ಕೊಳವೆಯಲ್ಲಿ ನೆಲೆನಿಂತು ಹದವಾಗಿ ಮೊರೆಯತೊಡಗುತ್ತದೆ. ಕೆಲವು ನಿಮಿಷಗಳಲ್ಲಿ ಪುಟ್ಟ ಮಾಪಕದ ಮುಳ್ಳು ಅಲುಗುತ್ತದೆ. ಒತ್ತಡ ಚದರ ಅಂಗುಲಕ್ಕೆ 40 ಪೌಂಡಿನ ಹತ್ತಿರ ಬಂದಾಗ ಸುರಕ್ಷತಾ ಕವಾಟ ಸಿಳ್ಳಿನಂತೆ ಉಗಿ ಚಿಮ್ಮಿಸುತ್ತದೆ. ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರ್ ತೆರೆದರೂ ಎಂಜಿನ್ ಒಮ್ಮೆಗೇ ಹೊರಡುವುದಿಲ್ಲ. ತಣ್ಣಗಿರುವ ಸಿಲಿಂಡರಿನಲ್ಲಿ ಉಗಿ ನೀರಾಗಿ ನಿಂತಿರುತ್ತದೆ. ಕೈಯಿಂದ ಹಿಂದೆ ಮುಂದೆ ನೂಕಿದರೆ ಚಿಮಣಿಯಿಂದ ಬಿಸಿನೀರೂ ಎಣ್ಣೆಯೂ ಉಗುಳಿ, ಮೂರನೆಯ ನಾಲ್ಕನೆಯ ಸುತ್ತಿಗೆ ಉಸಿರು ಸಲೀಸಾಗುತ್ತದೆ. ಅಲ್ಲಿಂದ ಇಪ್ಪತ್ತು ಇಪ್ಪತ್ತೈದು ನಿಮಿಷದ ಓಟ. ನೀರು ಬತ್ತುವ ಮೊದಲೇ ಅನಿಲ ಮುಗಿಯುವಂತೆ ತೊಟ್ಟಿಯ ಗಾತ್ರವನ್ನು ಲೆಕ್ಕಹಾಕಿ ಮಾಡಿರುತ್ತಾರೆ, ಬಾಯ್ಲರ್ ಒಣಗಿ ಸುಡದಿರಲಿ ಎಂದು.

ಹಿತ್ತಲಿನ ಹಳಿಗೆ ಹಿತ್ತಲಿನದೇ ಕಷ್ಟಗಳು. ಹತ್ತು ಮೀಟರ್ ಹಿತ್ತಾಳೆಯ ಕಂಬಿ 30 ಡಿಗ್ರಿ ಹೆಚ್ಚು ಕಾದರೆ ಸುಮಾರು 6 ಮಿಲಿಮೀಟರ್ ಉದ್ದವಾಗುತ್ತದೆ; ಕೀಲುಗಳಲ್ಲಿ ಜಾಗ ಬಿಡದೆ ಹಾಸಿದರೆ ಮಧ್ಯಾಹ್ನದ ಹೊತ್ತಿಗೆ ಹಳಿ ಹಾವಿನಂತೆ ಮೈ ತಿರುಚಿಕೊಂಡಿರುತ್ತದೆ. ನನ್ನದು ಒಮ್ಮೆ ಹಾಗೇ ಆಯಿತು. ಕಿತ್ತು, ಬೆಳಗಿನ ತಂಪಿನಲ್ಲಿ, ಕೀಲಿಗೊಂದು ರಟ್ಟಿನ ಚೂರು ಇಟ್ಟು ಅಂತರ ಬಿಟ್ಟು ಮತ್ತೆ ಹಾಸಿದೆ.

ಕೊಳ್ಳಲು ಸಿಗುವ ಸಿದ್ಧ ಮಾದರಿಗಳು ಈ ಕೆಲವು ವರ್ಷಗಳಲ್ಲಿ ಬಹಳ ಸುಧಾರಿಸಿವೆ. ಮೊದಲ ಮಹಾಯುದ್ಧದ ಕಂದಕಗಳಿಗೆ ಮದ್ದುಗುಂಡು ಸಾಗಿಸುವುದಕ್ಕೆ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆ ಬ್ರಿಟಿಷ್ ಸೇನೆಗಾಗಿ 600 ಮಿಲಿಮೀಟರಿನ ದಾರಿಯ 495 ಎಂಜಿನ್ನುಗಳನ್ನು ಮಾಡಿಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಅವು ಹಲವು ದೇಶಗಳ ಕಿರುದಾರಿಗಳಿಗೆ ಹಂಚಿಹೋದವು. ಆ ಎಂಜಿನ್ನಿನ 009 ಮಾದರಿಯನ್ನು ಪೆಟ್ಟಿಗೆಯಿಂದ ತೆಗೆದು ಹಳಿಗಿಟ್ಟರೆ, ನಾನು ವಾರಗಟ್ಟಲೆ ಹೆಣಗಿ ಸರಿಪಡಿಸಿದ ಎಂಜಿನ್ನಿಗಿಂತ ಮೆತ್ತಗೆ ಓಡುತ್ತದೆ. ಇದರಿಂದ ಕೈಕೆಲಸ ಕಡಿಮೆಯಾಯಿತು ಎಂದು ಕೊರಗುವವರಿದ್ದಾರೆ, ನಾನು ಅವರಲ್ಲಿ ಒಬ್ಬನಲ್ಲ. ಯಾರೂ ತಯಾರಿಸದ ವ್ಯಾಗನ್ನುಗಳು ಇನ್ನೂ ನೂರಾರು ಬಗೆ ಇವೆ. ಹಳೆಯ ಫೋಟೋದಲ್ಲಿ ತಿಳಿದ ಒಂದು ಅಳತೆ, ಉದಾಹರಣೆಗೆ ಚಕ್ರದ ವ್ಯಾಸ, ಸಿಕ್ಕರೆ ಸಾಕು. ಉಳಿದದ್ದನ್ನು ಅದರಿಂದ ಲೆಕ್ಕಹಾಕಿ ಕಂಪ್ಯೂಟರಿನಲ್ಲಿ ಬಿಡಿಸಿ, ರೆಸಿನ್ ಬಳಸುವ 3ಡಿ ಪ್ರಿಂಟರಿನಲ್ಲಿ ಅಚ್ಚು ಹಾಕಬಹುದು. ಒಂದೇ ಚಿತ್ರವನ್ನು ಮೂರು ಸ್ಕೇಲಿನಲ್ಲಿ ಅಚ್ಚು ಹಾಕಬಹುದು ಎಂದು ನಾನೂ ಅಂದುಕೊಂಡಿದ್ದೆ. ಆಗುವುದಿಲ್ಲ. 16 ಮಿಲಿಮೀಟರ್ ಪ್ರಮಾಣದಲ್ಲಿ ಒಂದೂವರೆ ಮಿಲಿಮೀಟರ್ ದಪ್ಪ ಇರುವ ಹಲಗೆ 009ರಲ್ಲಿ 0.4ಕ್ಕಿಳಿದು ಬಾಗುತ್ತದೆ, ಮೊಳೆಯ ತಲೆಗಳು ಮಾಯವಾಗುತ್ತವೆ. ಸಣ್ಣ ಸ್ಕೇಲಿಗೆ ಎಲ್ಲವನ್ನೂ ಕಿರಿದುಗೊಳಿಸಿದರೆ ಸಾಲದು. ಯಾವುದನ್ನು ಬಿಡಬೇಕು, ಯಾವುದನ್ನು ತುಸು ದಪ್ಪವಾಗಿಸಬೇಕು ಎಂದು ಮತ್ತೆ ಮೊದಲಿನಿಂದ ಬಿಡಿಸಬೇಕು.

ಹಾಗೆ ಮೊದಲಿನಿಂದ ಬಿಡಿಸಿದ ಹನ್ನೆರಡು ಕಲ್ಲುಹಲಗೆಯ ವ್ಯಾಗನ್ನುಗಳು ಈಗ ನನ್ನ ಮುಂದಿವೆ. ಫೆಸ್ಟಿನಿಯಾಗ್ ದಾರಿ 1836ರಲ್ಲಿ ಆರಂಭವಾದಾಗ ಅಲ್ಲಿ ಎಂಜಿನ್ನೇ ಇರಲಿಲ್ಲ. ಬೆಟ್ಟದ ಗಣಿಗಳಿಂದ ಬಂದರಿನ ಕಡೆಗೆ ಒಂದೇ ಸಮನೆ ಇಳಿಜಾರಾಗುವಂತೆ ದಾರಿಯನ್ನು ಕೊರೆದಿದ್ದರು. ತುಂಬಿದ ವ್ಯಾಗನ್ನುಗಳು ತಮ್ಮ ಭಾರಕ್ಕೆ ತಾವೇ ಉರುಳಿಕೊಂಡು ಬರುತ್ತಿದ್ದವು, ಬ್ರೇಕಿನವರು ಅವುಗಳ ಮೇಲೆಯೇ ಕೂತಿರುತ್ತಿದ್ದರು. ಖಾಲಿ ವ್ಯಾಗನ್ನುಗಳನ್ನು ಮೇಲಕ್ಕೆ ಎಳೆಯಬೇಕಾದ ಕುದುರೆಗಳು ಇಳಿಯುವಾಗ ಒಂದು ವ್ಯಾಗನ್ನಿನಲ್ಲಿ ನಿಂತು ಪ್ರಯಾಣ ಮಾಡುತ್ತಿದ್ದವು. 1863ರಲ್ಲಿ ಉಗಿ ಎಂಜಿನ್ ಬಂದ ಮೇಲೂ ಕಲ್ಲುಹಲಗೆ ಹೀಗೆಯೇ ಇಳಿಯುತ್ತಿತ್ತು. ಇದನ್ನು 009ರಲ್ಲಿ, ಮೋಟಾರಿಲ್ಲದೆ, ಕೈ ತಾಗಿಸದೆ ಮಾಡಬೇಕೆಂಬುದು ನನ್ನ ಬಹಳ ದಿನಗಳ ಆಸೆ. ನಿಜವಾದ ದಾರಿ ಎಂಬತ್ತು ತೊಂಬತ್ತು ಅಡಿಗೆ ಒಂದು ಅಡಿ ಇಳಿಯುತ್ತದೆ. ಹಿತ್ತಲಿನ 32 ಮಿಲಿಮೀಟರಿನ ಹಳಿಯ ಮೇಲೆ ನಾನು ಐವತ್ತಕ್ಕೆ ಒಂದರಂತೆ ಇಳಿಸಿದಾಗ ದೊಡ್ಡ ವ್ಯಾಗನ್ನುಗಳು ಸದ್ದಿಲ್ಲದೆ ಉರುಳಿದವು. 009ರವು ಐವತ್ತಕ್ಕೆ ಕದಲಲಿಲ್ಲ, ನಲವತ್ತಕ್ಕೆ ಹೊರಟು ನಡುವೆ ನಿಂತವು. ಮೂವತ್ತಕ್ಕೆ ಒಂದರಂತೆ ಎತ್ತರಿಸಿ, ಪ್ರತಿ ವ್ಯಾಗನ್ನಿನ ತಳಕ್ಕೂ ಮೂರು ಗ್ರಾಂ ಸೀಸ ಅಂಟಿಸಿದ ಮೇಲೆ ಹನ್ನೊಂದು ವ್ಯಾಗನ್ನುಗಳು ಕೊನೆಯವರೆಗೂ ಇಳಿಯುತ್ತಿವೆ. ಹನ್ನೆರಡನೆಯದು ಮಾತ್ರ ಎರಡನೆಯ ಕೀಲಿನ ಹತ್ತಿರ ಬಲಕ್ಕೆ ತುಸು ವಾಲಿ ನಿಲ್ಲುತ್ತದೆ. ಅದರ ಹಿಂದಿನ ಅಚ್ಚು ಓರೆಯಾಗಿದೆ ಎಂದು ಇಂದು ಬೆಳಿಗ್ಗೆ ಭೂತಗನ್ನಡಿಯಲ್ಲಿ ಕಂಡಿತು. ಅದನ್ನು ಬಿಚ್ಚಿ ಇಟ್ಟಿದ್ದೇನೆ. ಕುದುರೆಯ ವ್ಯಾಗನ್ನನ್ನು ಅದರ ಹಿಂದೆ ಕೊಂಡಿ ಹಾಕುವುದು ಅದು ಸರಿಯಾದ ಮೇಲೆಯೇ.